ಎಂಟು ಕೈಗೆ ಒಂದು ಕೈ

ಆ ಮನೆಯ ಸೊಸೆ ಚಿತ್ರ ಬರೆಯುವವಳು. ಕಾಗದವಿಲ್ಲ, ಬಣ್ಣದ ಬಟ್ಟಲಿಲ್ಲ, ಕುಂಚ ತೊಳೆದ ನೀರಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ತಟ್ಟೆಯಗಲದ ಗಾಜಿನ ಪರದೆ, ಕೈಯಲ್ಲೊಂದು ಬಿಳಿ ಪೆನ್ನು, ಅಷ್ಟೇ. ಅವಳು ಬಂದ ಹೊಸದರಲ್ಲಿ ಅತ್ತೆ, "ಇಡೀ ದಿನ ಗೀಚ್ತಾಳೆ, ಬೆರಳಿಗೆ ಒಂದು ಚೂರು ಬಣ್ಣ ಅಂಟಲ್ಲ. ಇದೆಂಥ ಕೆಲಸವೋ!" ಎಂದು ಮಗನ ಹತ್ತಿರ ಬೆರಗುಪಡುತ್ತಿದ್ದರು. ಈಗ ಅವರಿಗೂ ಎಲ್ಲ ಬಾಯಿಪಾಠ. ಮೊದಲು ಬೂದು ಗೆರೆಯಲ್ಲಿ ಮೈಯ ಅಂದಾಜು. ಅದರ ಮೇಲೆ ಲೇಯರ್ ಎಂಬ ಕಣ್ಣಿಗೆ ಕಾಣದ ಹಾಳೆಗಳು. ಒಂದರಲ್ಲಿ ಮುಖ, ಒಂದರಲ್ಲಿ ಸೀರೆ, ಒಂದರಲ್ಲಿ ಒಡವೆ. ಸೀರೆ ಕೆಟ್ಟರೆ ಸೀರೆಯನ್ನಷ್ಟೇ ಅಳಿಸಬಹುದು, ಮುಖಕ್ಕೇನೂ ಆಗದು.

ಈ ಸಲ ಅವಳಿಗೆ ಸಿಕ್ಕಿದ್ದು ಪುರಾಣ ಕಥೆಗಳ ಪುಸ್ತಕದ ಮುಖಪುಟ. ಎಂಟು ಕೈಯ ದೇವಿ. ಮುಖಪುಟದ ಕೆಲಸ ಅವಳಿಗೆ ಇದೇ ಮೊದಲು. ದೇವಿಯ ಮುಖವೇನೋ ಕಣ್ಣು ತುಂಬುವಂತೆ ಬಂದಿತ್ತು. ಆದರೂ ಪುಸ್ತಕದ ಸಂಪಾದಕಿ ಎರಡು ಸಲ ವಾಪಸು ಕಳಿಸಿದ್ದರು.

"ದೇವಿ ಆಯುಧ ಹಿಡಿದೇ ಇಲ್ಲಮ್ಮ, ಅಂಗೈಗೆ ಅಂಟಿಸಿದ ಹಾಗಿದೆ. ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ."

ಸೊಸೆ ಗಲ್ಲಕ್ಕೆ ಕೈಕೊಟ್ಟು ಕೂತಳು. ಅಷ್ಟರಲ್ಲಿ ಅತ್ತೆ ಒದ್ದೆ ಬಟ್ಟೆ ತುಂಬಿದ ಬಕೆಟ್ಟು ಎತ್ತಿಕೊಂಡು ಬಾಗಿಲು ದಾಟಿದರು. ಬಿಗಿದ ಮುಷ್ಟಿ, ಬೆಳ್ಳಗಾದ ಗೆಣ್ಣು, ಮಣಿಕಟ್ಟಿನಲ್ಲಿ ಎದ್ದುನಿಂತ ನರ.

"ಅತ್ತೆ, ಅಲ್ಲಾಡಬೇಡಿ!"

"ಯಾಕೇ, ಜಿರಳೆನಾ?"

"ಅಲ್ಲ, ನಿಮ್ಮ ಕೈ ಬೇಕು!"

ಬಕೆಟ್ಟು ಅಲ್ಲೇ ಕೂತಿತು. ಛತ್ರಿಯೇ ತ್ರಿಶೂಲವಾಯಿತು, ಸೌಟೇ ಕತ್ತಿ. ಬೆರಳ ತುದಿಯಲ್ಲಿ ಪಾತ್ರೆಯ ಮುಚ್ಚಳ ನಿಲ್ಲಿಸಿ ಚಕ್ರವೆಂದರು. ಅದು ಒಂದಲ್ಲ ನಾಕು ಸಲ ಉರುಳಿ ಮಂಚದಡಿ ಸೇರಿತು. ಆಯ ತಪ್ಪದಂತೆ ಎಡಗೈಯನ್ನು ಗೋಡೆಗೆ ಕೊಟ್ಟು, ಅತ್ತೆ ಬಲಗೈಯಲ್ಲೇ ಎಲ್ಲವನ್ನೂ ಹಿಡಿದರು. ಸೊಸೆ ಫೋಟೋ ತೆಗೆದಳು.

ಬಸ್ಸು ಓಡಿಸಿ ಮನೆಗೆ ಬಂದ ಮಗ, ಛತ್ರಿ ಎತ್ತಿ ನಿಂತ ತಾಯಿಯನ್ನು ಕಂಡು ಹೊಸಿಲಲ್ಲೇ ನಿಂತ. "ಯಾರ ಮೇಲಮ್ಮ ಯುದ್ಧ?"

"ಯಾರೂ ಸಿಕ್ಕಿರ್ಲಿಲ್ಲ, ಒಳ್ಳೇ ಹೊತ್ತಿಗೆ ಬಂದೆ."

"ಅಮ್ಮನಿಗೆ ಎಂಟು ಕೈ ಕೊಡ್ತಿದ್ದೀಯಾ?" ಎಂದು ಹೆಂಡತಿಯನ್ನು ಕೇಳಿದ. "ಎರಡರಲ್ಲೇ ನನ್ನನ್ನ ಹಣ್ಣು ಮಾಡಿದಾಳೆ, ಇನ್ನು ನಾನು ಉಳಿದ ಹಾಗೇ!"

ಸೊಸೆ ಪ್ರತಿ ಫೋಟೋವನ್ನೂ ಕೆಳಗೆ ಮಸುಕಾಗಿ ಇಟ್ಟು, ಮೇಲಿನ ಹಾಳೆಯಲ್ಲಿ ಕೈಯ ಗೆರೆ ಎಳೆದಳು. ಎಡಗೈ ಬೇಕಾದಲ್ಲಿ ಬಲಗೈಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಳು. ಬೆರಳುಗಳ ಅಡಿಗೆ ಗಾಢ ನೆರಳು ತುಂಬಿದಳು. ಫೋಟೋ ಮರೆಮಾಡಿ, ಸೌಟಿದ್ದಲ್ಲಿ ಕತ್ತಿ ಬರೆದಾಗ ಕತ್ತಿಗೆ ತೂಕ ಬಂದಿತ್ತು. ಮನೆಯವರೆಲ್ಲ ನೋಡಿ ಭಲೇ ಎಂದರು. ಚಿತ್ರ ಹೋಯಿತು.

ಮರುದಿನ ಫೋನು ಬಂತು. ಅತ್ತೆ ಪಕ್ಕಕ್ಕೇ ಬಂದು ಕಿವಿಯಾನಿಸಿದರು.

"ಈಗ ಹಿಡಿದಳು ನೋಡು ದೇವಿ! ಮುಖಪುಟ ನಿನ್ನದೇ," ಎಂದರು ಸಂಪಾದಕಿ. "ಆದ್ರೆ ಒಂದು ಕೇಳ್ಲಾ? ಎಂಟು ಕಿರುಬೆರಳೂ ಯಾಕಮ್ಮ ಸೊಟ್ಟ?"

ಸೊಸೆ ಪರದೆ ನೋಡಿದಳು, ಅತ್ತೆಯ ಕೈ ನೋಡಿದಳು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಕೊಕ್ಕೆಯಂತೆ ಬಾಗಿದ ಬೆರಳು. ದಿನಾ ಕಣ್ಣೆದುರೇ ಇದ್ದು ಇದ್ದು, ಅದು ಸೊಟ್ಟವೆಂಬುದೇ ಆ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು.

"ಅಯ್ಯೋ ನನ್ನ ಕರ್ಮವೇ, ದೇವಿಗೂ ಅಂಟಿಸಿಬಿಟ್ನಲ್ಲೇ! ಮೊದಲು ನೆಟ್ಟಗೆ ಮಾಡು!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಫೋನಿನ ಆ ತುದಿಯಲ್ಲಿ ಸಂಪಾದಕಿ ಬಿದ್ದು ಬಿದ್ದು ನಕ್ಕರು. "ಒಂದಾದ್ರೂ ಹಾಗೇ ಇರ್ಲಿ ಬಿಡಮ್ಮ," ಎಂದರು.

ಪುಸ್ತಕ ಅಚ್ಚಾಗಿ ಬಂತು. ಅತ್ತೆ ಅದನ್ನು ಮೊಳದುದ್ದ ದೂರ ಹಿಡಿದು ಒಂದೊಂದೇ ಬೆರಳು ಪರೀಕ್ಷಿಸಿದರು. "ಎಲ್ಲಕ್ಕೂ ಚಿಕಿತ್ಸೆ ಮಾಡಿದ್ದೀಯ. ತ್ರಿಶೂಲದ ಕೈ ಯಾಕೇ ಬಿಟ್ಟೆ?"

"ಅದನ್ನ ನೆಟ್ಟಗೆ ಮಾಡಿ ನೋಡ್ದೆ ಅತ್ತೆ. ಹಿಡಿತಾನೇ ಹೋಯ್ತು."

ಅತ್ತೆ ಪುಸ್ತಕ ಕಂಕುಳಿಗಿಟ್ಟು, ಮೊಳೆಯಿಂದ ಛತ್ರಿ ತೆಗೆದು ಚಪ್ಪಲಿ ಮೆಟ್ಟಿದರು.

"ಮಳೆಯಿಲ್ಲ, ಬಿಸಿಲಿಲ್ಲ, ಛತ್ರಿ ಯಾಕಮ್ಮ?" ಎಂದ ಮಗ.

"ಪಕ್ಕದ ಮನೆಯವಳಿಗೆ ತೋರಿಸ್ಬೇಕು ಕಣೋ. ಹೋಲಿಸಿ ನೋಡೋಕೆ ಬೇಡ್ವಾ?"