ಚಾರ್ಜ್‌ಗೆ ಹಾಕಿದ ಗಾಳಿ

ನಮ್ಮ ಅಡುಗೆಮನೆಯಲ್ಲಿ, ಮಿಕ್ಸಿಗೆಂದು ಹಾಕಿಸಿದ ಪ್ಲಗ್ಗಿನಲ್ಲಿ, ಈ ಹೊತ್ತು ಗಾಳಿ ಚಾರ್ಜ್ ಆಗುತ್ತಿದೆ. ನೋಡಲು ಅಂಗೈ ಅಗಲದ ಕಪ್ಪು ಡಬ್ಬಿ. ಅದರ ನೆತ್ತಿಯಲ್ಲಿ ಹಸಿರು ದೀಪವೊಂದು ಮಿನುಗಿ, ಆರಿ, ಮತ್ತೆ ಮಿನುಗುತ್ತದೆ. ಸೈಕಲ್ಲಿಗೆ ಗಾಳಿ ತುಂಬುವ ಕರೆಂಟ್ ಪಂಪು ಇದು. ನಾನಿರುವುದು ಚಿತ್ರದುರ್ಗದಲ್ಲಿ. ಇಲ್ಲಿ ಗಾಳಿಗೆ ಕೊರತೆಯಿಲ್ಲ ಎಂಬುದು ತಾರಸಿಯಲ್ಲಿ ಬಟ್ಟೆ ಒಣಹಾಕಿದವರಿಗೆಲ್ಲ ಗೊತ್ತು. ಅದೇ ತಾರಸಿಯಿಂದ ನೋಡಿದರೆ ದೂರದ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ರೆಕ್ಕೆ ತಿರುಗಿಸುತ್ತ ನಿಂತಿರುತ್ತವೆ. ಆ ಗಾಳಿಯಿಂದ ಕರೆಂಟು, ಆ ಕರೆಂಟು ತಂತಿ ಹಿಡಿದು ನಮ್ಮ ಅಡುಗೆಮನೆಗೆ, ಅಲ್ಲಿಂದ ಈ ಡಬ್ಬಿಗೆ, ಡಬ್ಬಿಯಿಂದ ಮತ್ತೆ ಗಾಳಿ. ಕಿಟಕಿ ತೆಗೆದರೆ ಮುಖಕ್ಕೆ ಬಡಿಯುವ ಪದಾರ್ಥವನ್ನು ಇಷ್ಟು ಸುತ್ತು ಹಾಕಿಸಿ ಟಯರಿನೊಳಗೆ ಕಳಿಸುವ ಏರ್ಪಾಟಿಗೆ ಜನ ಅನುಕೂಲ ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನಿಗೆ ಇದನ್ನು ಕಂಡು ಸಿಟ್ಟು ಬರದಿದ್ದರೆ ಆ ಮೂವತ್ತು ವರ್ಷವೂ ದಂಡ.

ಸಿಟ್ಟಿನ ಬೇರು ಭೌತಶಾಸ್ತ್ರದಲ್ಲಿಲ್ಲ ಎಂದು ನೀವು ಊಹಿಸಿರುತ್ತೀರಿ. ಕಳೆದ ವರ್ಷ ನನ್ನ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಹಾಕಿದರು. ಸೈಕಲ್ ತುಳಿಯಬಹುದು, ಏರು ಬಂದರೆ ಇಳಿದು ನಡೆಯಿರಿ ಎಂದರು ವೈದ್ಯರು. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಬಾಗಿಲವರೆಗೆ ಬಂದಿದ್ದ ನನ್ನ ಹೆಂಡತಿ ಗಿರಿಜಾ ತಿರುಗಿ ನಿಂತು, “ಪಂಪು ಹೊಡೀಬಹುದಾ ಡಾಕ್ಟ್ರೇ?” ಎಂದಳು. ಜನ್ಮದಲ್ಲಿ ಪಂಪಿನ ಯೋಚನೆಯನ್ನೇ ಮಾಡಿರದ ಆ ಮನುಷ್ಯ, ಕೇಳಿದ್ದಾರಲ್ಲ ಏನಾದರೂ ಹೇಳಬೇಕು ಎಂಬಂತೆ, “ಬೇಡ” ಎಂದುಬಿಟ್ಟರು. ಅಂದೇ ನನ್ನ ಕೈಪಂಪು ಅಟ್ಟ ಹತ್ತಿತು. ವಾರದೊಳಗೆ ಈ ಡಬ್ಬಿ ಮನೆಗೆ ಬಂತು. ಅದರ ಜೊತೆಗೊಂದು ಷರತ್ತೂ ಬಂತು.

“ಇದು ಚೀಲದಾಗಿದ್ರೆ ಹೋಗ್ರಿ, ಇಲ್ಲ ಅಂದ್ರೆ ಇಲ್ಲ. ಒಂದಿನ ದಾರೀಲಿ ನಿಂತು ಬಾ ಅಂತ ಫೋನ್ ಮಾಡಿದ್ರೋ, ಅವತ್ತೇ ಸೈಕಲ್ಲು ಹಿರಿಯೂರಿಗೆ, ನಮ್ಮಣ್ಣನ ಮನೆಗೆ.”

ಅವಳ ಅಣ್ಣ ಸೈಕಲ್ ತುಳಿಯುವವನಲ್ಲ. ಅದರ ಮೇಲೆ ಟವೆಲ್ ಒಣಹಾಕುವವನು. ನನಗೋ ಬೆಳಗಿನ ಆ ಎರಡು ಗಂಟೆಯ ಹೊತ್ತು ಮಾತ್ರ ನಾನು ರೋಗಿಯಲ್ಲ. ಮಿಕ್ಕ ಹೊತ್ತೆಲ್ಲ ಬಂದವರು ನನ್ನ ಆರೋಗ್ಯವನ್ನು ನನ್ನನ್ನು ಬಿಟ್ಟು ಗಿರಿಜಾಳ ಹತ್ತಿರ ವಿಚಾರಿಸುತ್ತಾರೆ.

ಹಾಗಾಗಿ ಡಬ್ಬಿಯನ್ನು ಒಪ್ಪಿಕೊಂಡೆ, ದ್ವೇಷಿಸಿಕೊಂಡೇ ಒಪ್ಪಿಕೊಂಡೆ. ದ್ವೇಷಿಸಲು ಅದರಲ್ಲಿ ಬೇಕಾದಷ್ಟಿದೆ. ಅದರ ಸದ್ದು ಬೆಂಕಿಪೊಟ್ಟಣದೊಳಗೆ ಸಿಕ್ಕಿಬಿದ್ದ ದುಂಬಿಯದು. ಎಷ್ಟು ಗಾಳಿ ಬೇಕೆಂದು ಮೊದಲೇ ಅಂಕಿ ಒತ್ತಿಟ್ಟರೆ ಅಷ್ಟಾದೊಡನೆ ತಾನೇ ನಿಲ್ಲುತ್ತದೆ. ಟಯರನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದಿಷ್ಟು ಇರಲಿ ಎಂದು ತೀರ್ಮಾನಿಸುವ ಸಣ್ಣ ಅಧಿಕಾರವನ್ನೂ ನನ್ನಿಂದ ಕಿತ್ತುಕೊಂಡಿದೆ. ಕೆಲಸ ಮುಗಿಸಿ ಕೀಂ ಎಂದು ಕೂಗುವುದಂತೂ, ಪರೀಕ್ಷಾ ಕೊಠಡಿಯಲ್ಲಿ ಎಲ್ಲರಿಗಿಂತ ಮೊದಲು ಉತ್ತರಪತ್ರಿಕೆ ಕೊಟ್ಟು ಸುತ್ತ ನೋಡುವ ಹುಡುಗನ ಹಾಗೆ. ಕೈಪಂಪು ಎಂದಾದರೂ ಹೀಗೆ ಬೀಗಿದ್ದುಂಟೇ?

ಕೈಪಂಪಿನ ಪರವಾಗಿ ನನ್ನ ಬಳಿ ಒಂದು ನೆನಪೂ ಇತ್ತು. ಹೊಳಲ್ಕೆರೆಯ ಸೈಕಲ್ ಶಾಪು; ಕಂಬಕ್ಕೆ ಸರಪಳಿಯಿಂದ ಬಿಗಿದ, ನನ್ನ ಸೊಂಟದೆತ್ತರದ ಪಂಪು; ಅಪ್ಪನ ಸೈಕಲ್ಲು. ಹತ್ತೋ ಹನ್ನೊಂದೋ ವರ್ಷದ ನಾನು ಪಂಪಿನ ಪಾದದ ಮೇಲೆ ಕಾಲೂರಿ, ಹಿಡಿಯನ್ನು ಎದೆಯವರೆಗೆ ಎಳೆದು, ಮೈಭಾರವನ್ನೆಲ್ಲ ಹಾಕಿ ಕೆಳಗೊತ್ತುತ್ತೇನೆ. ಟಯರು ಮೆಲ್ಲಗೆ ಎದ್ದು ಕೂರುತ್ತದೆ. ಶಾಪಿನವರು ಭೇಷ್ ಎನ್ನುತ್ತಾರೆ. ಈ ಚಿತ್ರದಲ್ಲಿ ಬಿಸಿಲು ಬಹಳ ಅಂದವಾಗಿ ಬಿದ್ದಿದೆ. ಅಂದವಾಗಿ ಬಿಸಿಲು ಬಿದ್ದ ನೆನಪುಗಳನ್ನು ನಾನು ನಂಬುವುದಿಲ್ಲ; ಅವನ್ನು ಯಾರೋ ಆಮೇಲೆ ಕೂತು ತಿದ್ದಿರುತ್ತಾರೆ, ಸಾಮಾನ್ಯವಾಗಿ ನಾನೇ. ಆದರೆ ಜಗಳಕ್ಕೆ ಸಾಕ್ಷಿ ಬೇಕಿತ್ತು. ಹೊಸದುರ್ಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಗಿರಿಜಾಳಿಗೂ ಕೇಳುವಂತೆ ಸ್ಪೀಕರ್ ಹಾಕಿ, ಅಪ್ಪನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು ಯಾರು ಹೇಳು ಎಂದೆ.

“ನಾನು,” ಎಂದಳು ಅಕ್ಕ. “ನೀನೆಲ್ಲಿ ಹೊಡೀತಿದ್ಯೋ? ನೀನು ಕುಕ್ಕರಗಾಲಲ್ಲಿ ಕುಂತ್ಕಂಡು ಪೈಪಿನ ಮೂತಿ ಹಿಡ್ಕಂತಿದ್ದೆ. ಅದೂ ನೆಟ್ಟಗೆ ಹಿಡೀತಿರಲಿಲ್ಲ, ಅರ್ಧ ಗಾಳಿ ನಿನ್ನ ಮೂಗಿಗೇ ಹೋಗ್ತಿತ್ತು.”

“ಶಾಪಿನವರು ಭೇಷ್ ಅಂತಿದ್ರಲ್ಲ?”

“ವಾಷರ್ ಕಿತ್ತೋಗ್ತೈತೆ ಬಿಡ್ರೇ ಅಂತ ಬೈತಿದ್ರು.”

ಗಿರಿಜಾ ನಗುತ್ತ ಒಳಗೆ ಹೋದಳು. ಅಕ್ಕನಿಗೆ ವಯಸ್ಸಾಯಿತು, ಮರೆವು, ಎಂದುಕೊಂಡು ಫೋನ್ ಇಟ್ಟೆ. ಆ ಸಿಟ್ಟನ್ನು ತೀರಿಸಿಕೊಂಡದ್ದು ಡಬ್ಬಿಯ ಮೇಲೆ: ಮೂರು ವಾರ ಅದನ್ನು ಚಾರ್ಜ್‌ಗೆ ಹಾಕಲಿಲ್ಲ. ಗಿರಿಜಾ ಕೇಳಿದಾಗಲೆಲ್ಲ ಹಾಕಿದ್ದೇನೆ ಎಂದೆ. ಅದು ಒಂದು ದಿನ ಕೈಕೊಡಲಿ ಎಂದು ಒಳಗೊಳಗೇ ಕಾಯುತ್ತಿದ್ದೆ ಎನಿಸುತ್ತದೆ. ಕೈಕೊಟ್ಟರೆ ಸೈಕಲ್ಲು ಹೋಗುವುದು ನನ್ನದೇ ಎಂಬ ಸರಳ ಲೆಕ್ಕ ಮಾತ್ರ ಹೊಳೆದಿರಲಿಲ್ಲ.

ಹೊಳೆದದ್ದು ಇವತ್ತು ಬೆಳಿಗ್ಗೆ, ಹಿರೇಗುಂಟನೂರಿನ ರಸ್ತೆಯಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ, ಗೊಬ್ಬರವಾಗಲೆಂದು, ರಾತ್ರಿ ಕುರಿಮಂದೆಯನ್ನು ತರುಬಿ ನಿಲ್ಲಿಸುವ ಕಾಲ ಇದು. ಕುರಿಯವರು ಜಾಲಿಯ ಕೊಂಬೆಗಳನ್ನು ಕಡಿದು, ಬೈಕಿನ ಹಿಂದೆ ಹಗ್ಗದಲ್ಲಿ ಕಟ್ಟಿ, ರಸ್ತೆಗುಂಟ ಎಳೆದುಕೊಂಡು ಹೋಗಿ, ಮಂದೆಯ ಸುತ್ತ ಬೇಲಿ ಒತ್ತುತ್ತಾರೆ. ಕೊಂಬೆ ಹೊಲಕ್ಕೆ ಹೋಗುತ್ತದೆ. ಉದುರಿದ ಮುಳ್ಳುಗಳು ನಮಗಾಗಿ ರಸ್ತೆಯಲ್ಲಿ ಉಳಿಯುತ್ತವೆ. ಹಿಂದಿನ ಚಕ್ರ ಕೂತಿತು. ಗಾಬರಿಯಾಗಲಿಲ್ಲ. ಚಕ್ರ ಬಿಚ್ಚಿ, ಟ್ಯೂಬು ಎಳೆದು, ತೂತು ಹುಡುಕಿ ಪ್ಯಾಚ್ ಹಾಕಿ, ಎಲ್ಲ ಮೊದಲಿನಂತೆ ಜೋಡಿಸಿ ಡಬ್ಬಿ ಸಿಕ್ಕಿಸಿದೆ. ದುಂಬಿ ಮೊರೆಯಿತು, ಕೀಂ ಎಂದಿತು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಚಕ್ರ ಮತ್ತೆ ಕೂತಿತು. ಟಯರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳು ಇದೆಯೇ ಎಂದು ನೋಡುವುದನ್ನೇ ಮರೆತಿದ್ದೆ. ಮುಳ್ಳು ಅಲ್ಲೇ ಇತ್ತು; ನಾನು ಅಕ್ಕರೆಯಿಂದ ಹಾಕಿದ ಪ್ಯಾಚಿನ ಪಕ್ಕದಲ್ಲೇ ಎರಡನೆಯ ತೂತು ಮಾಡಿತ್ತು. ಮುಳ್ಳು ಕಿತ್ತೆ, ಇನ್ನೊಂದು ಪ್ಯಾಚ್ ಹಾಕಿದೆ, ಗುಂಡಿ ಒತ್ತಿದೆ. ಡಬ್ಬಿ ಕೆಂಪು ದೀಪ ತೋರಿಸಿ, ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು.

ಕರೆಂಟ್ ಪಂಪು ದಾರಿಯಲ್ಲಿ ಕೈಕೊಟ್ಟಿತು ಎಂದು ನಾಳೆ ನಾನು ನಾಲ್ಕು ಜನರ ಮುಂದೆ ಹೇಳುವುದನ್ನು ಕೇಳಿದರೆ ನಂಬಬೇಡಿ. ಅದು ತನಗೆ ಕೊಟ್ಟಷ್ಟನ್ನು ವಾಪಸ್ ಕೊಟ್ಟಿತ್ತು.

ಜೇಬಿನಲ್ಲಿ ಫೋನಿತ್ತು. ಒಂದು ಕರೆ ಮಾಡಿದರೆ ಗಿರಿಜಾ ಸ್ಕೂಟರಿನಲ್ಲಿ ಬರುತ್ತಾಳೆ, ಸೈಕಲ್ಲು ಹಿರಿಯೂರಿಗೆ ಹೋಗುತ್ತದೆ. ಫೋನನ್ನು ಒಳಗಿಟ್ಟು, ಸೈಕಲ್ಲನ್ನು ತಳ್ಳಿಕೊಂಡು ಹೊರಟೆ. ಸ್ವಲ್ಪ ದೂರದಲ್ಲಿ ಮುಳ್ಳುಬೇಲಿ, ಅದರೊಳಗೆ ಮರಿಗಳ ಗದ್ದಲ, ಬೇಲಿಯಾಚೆ ಮೂರು ಕಲ್ಲಿನ ಒಲೆಯ ಮುಂದೆ ಒಬ್ಬ ಹೆಂಗಸು. ಹೆಸರು ಕೆಂಚವ್ವ ಎಂದು ಆಮೇಲೆ ತಿಳಿಯಿತು. ಗಂಡ ದೊಡ್ಡ ಕುರಿಗಳನ್ನು ಮೇಯಿಸಲು ಹೋಗಿದ್ದ. ಗಂಟುಮೂಟೆಯ ಮೇಲೆ ಪುಟ್ಟ ಸೋಲಾರ್ ಹಲಗೆಯೊಂದು ಬಿಸಿಲು ಕಾಯುತ್ತಿತ್ತು. ಅದರ ಬಾಲಕ್ಕೆ ಫೋನು. ಪಕ್ಕದಲ್ಲಿ, ಬೇಲಿಗೆ ಒರಗಿ, ತುಕ್ಕು ಹಿಡಿದ ಕೈಪಂಪು. ಅದನ್ನು ಕಂಡೊಡನೆ ನನಗೆ ಸಂತೋಷವಾಗಬೇಕಿತ್ತು. ಬೆಳಗಿನಿಂದ ಹಿಡಿದಿಟ್ಟಿದ್ದ ಸಿಟ್ಟು ಬಂತು.

“ರಸ್ತೆ ಮೇಲೆ ಮುಳ್ಳು ಎಳ್ಕೊಂಡು ಹೋಗ್ತೀರಲ್ಲ, ಓಡಾಡೋರ ಗತಿ ಏನಮ್ಮ?” ಎಂದೆ.

ಅವಳು ಒಲೆಯಿಂದ ಕಣ್ಣೆತ್ತಿ ಚಕ್ರವನ್ನೂ ನನ್ನನ್ನೂ ನೋಡಿದಳು. “ಆಕಾಶದ ಮೇಲೆ ಎಳ್ಕಂಡು ಹೋಗ್ಬೇಕಿತ್ತೇನ್ ಸಾರ್? ಬೇಲಿ ಇಲ್ದಿದ್ರೆ ರಾತ್ರಿ ತೋಳ ಬರ್ತೈತೆ. ನೀವು ಬಂದು ಕಾಯ್ತೀರಾ?” ಎಂದಳು. ಆಮೇಲೆ, “ನಮ್ಮ ಗಾಡೀನೂ ವಾರಕ್ಕೆರಡು ಸಲ ಕುಂತ್ಕಂತೈತೆ. ಅದಕ್ಕೇ ಪಂಪು ಮಡಿಕ್ಕಂಡಿರೋದು. ಬರ್ರಿ ಈ ಕಡೆ.”

ಪಂಪಿನ ಹಿಡಿಯನ್ನು ನಾನೇ ಹಿಡಿದೆ. ಒಂದು ವರ್ಷದ ಅವಮಾನವನ್ನೆಲ್ಲ ಸೇರಿಸಿ ಒತ್ತಿದೆ. ಎಂಟೋ ಹತ್ತೋ ಸಲ ಒತ್ತಿರಬಹುದು; ಇಪ್ಪತ್ತು ಎಂದು ಬರೆಯಲು ಕೈ ತುಡಿಯುತ್ತಿದೆ.

“ಬಿಡ್ರಿ ಸಾರ್, ಮುಖ ಎಲ್ಲ ಕೆಂಪಗಾಗೈತೆ. ಆಮೇಲೆ ನಿಮ್ಮನೇರು ಬಂದು ನನ್ನ ಕೇಳ್ತಾರೆ,” ಎಂದು ಕೆಂಚವ್ವ ಸೆರಗು ಸಿಕ್ಕಿಸಿಕೊಂಡು ಪಂಪು ಕಸಿದುಕೊಂಡಳು. “ಪೈಪಿನ ಕ್ಲಿಪ್ಪು ಮುರ್ದೋಗೈತೆ, ಒಬ್ರು ಒತ್ತಿ ಹಿಡೀಬೇಕು. ನೀವು ಹಿಡ್ಕಳ್ರಿ.”

ಕುಕ್ಕರಗಾಲಲ್ಲಿ ಕೂತೆ. ಪೈಪಿನ ಮೂತಿಯನ್ನು ವಾಲ್ವಿಗೆ ಇಟ್ಟೊಡನೆ ನನ್ನ ಹೆಬ್ಬೆರಳು, ನಾನು ಹೇಳದೆಯೇ, ಅದರ ಬೆನ್ನಿಗೆ ಹೋಗಿ ಕೂತಿತು; ತೋರುಬೆರಳು ಮಡಚಿ ಕಡ್ಡಿಗಳ ನಡುವೆ ನೆಲೆ ಹುಡುಕಿತು; ತಲೆ ತಾನಾಗಿ ಒಂದು ಕಡೆ ವಾಲಿತು, ಗಾಳಿ ಮೂಗಿಗೆ ಬಡಿಯದ ಹಾಗೆ. ಈ ಕೈಗೆ ಈ ಕೆಲಸ ಗೊತ್ತಿತ್ತು. ಪಂಪಿನ ಹಿಡಿಯ ಮೇಲೆ ಅಪರಿಚಿತನಂತೆ ತಡಕಾಡಿದ ಅದೇ ಕೈ ಇಲ್ಲಿ ತವರಿಗೆ ಬಂದಂತೆ ಕೂತಿತ್ತು. ಅಕ್ಕನಿಗೆ ಮರೆವಿರಲಿಲ್ಲ.

ಒತ್ತುತ್ತಲೇ ಕೆಂಚವ್ವ ಡಬ್ಬಿಯ ಕಡೆ ಕಣ್ಣು ಹಾಯಿಸಿ, “ಅದೇನದು?” ಎಂದಳು. ಹೇಳಿದೆ. “ಎಷ್ಟೊತ್ತಿಗೆ ತುಂಬ್ತೈತೆ?” ಎರಡು ನಿಮಿಷ ಎಂದೆ; ಆದರೆ ಅದಕ್ಕೇನೂ ಗೌರವವಿಲ್ಲ ಎಂಬ ದನಿಯಲ್ಲಿ ಹೇಳಿದೆ. ಅವಳು ಪಂಪು ನಿಲ್ಲಿಸಿ ಬಲಭುಜವನ್ನು ಎಡಗೈಯಿಂದ ಒತ್ತಿಕೊಂಡಳು. “ನಮ್ಮಂಥೋರಿಗೆ ಬೇಕಾಗಿತ್ತು ನೋಡ್ರಿ ಅದು. ಹೊಡ್ದು ಹೊಡ್ದು ಈ ರಟ್ಟೆ ಮೇಲಕ್ಕೇ ಏಳಲ್ಲ. ಯಜಮಾನ್ರು ಕುರಿ ಹಿಂದೆ ಹೋದ್ರೆ ಗಾಡಿಗೆ ಹೊಡೆಯೋಳು ನಾನೇ ಅಲ್ವಾ?” ಮತ್ತೆ ಶುರು ಮಾಡಿ, “ಚೆಂದಾಗಿ ಒತ್ತಿ ಹಿಡ್ಕಳ್ರಿ, ಗಾಳಿ ಹೋಗ್ತೈತೆ,” ಎಂದಳು.

ನನ್ನ ಜಾಗದಲ್ಲಿ ಒಳ್ಳೆಯ ಪ್ರಬಂಧಕಾರನಿದ್ದಿದ್ದರೆ ಡಬ್ಬಿಯನ್ನು ಅಲ್ಲೇ ಅವಳ ಕೈಗಿಟ್ಟು ಬರುತ್ತಿದ್ದ. ನಾನು ಕೊಡಲಿಲ್ಲ. ಡಬ್ಬಿ ಹೋದರೆ ಸೈಕಲ್ಲು ಹೋದಂತೆ. ಅದನ್ನು ಜೋಪಾನವಾಗಿ ಚೀಲದೊಳಗಿಟ್ಟು, ಅವಳಿಗೆ ಕೈಮುಗಿದು, ಗಟ್ಟಿ ಟಯರಿನ ಮೇಲೆ ಮನೆಗೆ ಬಂದೆ. ದಾರಿಯುದ್ದಕ್ಕೂ ಸಿಟ್ಟು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಕೈಪಂಪಿನ ಘನತೆಯ ಬಗ್ಗೆ ಒಂದು ವರ್ಷದಿಂದ ನಾನು ಮಾಡಿದ ಭಾಷಣಗಳೆಲ್ಲ ಆ ಭುಜದ ಮುಂದೆ ನಿಲ್ಲುತ್ತಿರಲಿಲ್ಲ.

ಮುಚ್ಚಿಡುವ ಯೋಚನೆಯೂ ಇತ್ತು. ಪ್ಯಾಂಟಿಗೆ ಮೆತ್ತಿದ್ದ ಕುರಿಹಿಕ್ಕೆ ನೋಡಿ ಗಿರಿಜಾ ಕೇಳಿದಳು, ಹೇಳಿದೆ. ಚಾರ್ಜ್ ಹಾಕದೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಷರತ್ತಿನ ಪ್ರಕಾರ ನಾನು ಫೋನ್ ಮಾಡಿಲ್ಲ ಎಂಬ ವಾದವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಅವಳು ಕೇಳಿದ್ದು ಬೇರೆ.

“ಆಯಮ್ಮಂಗೆ ಆ ಡಬ್ಬಿ ಕೊಟ್ಟು ಬರ್ಲಿಲ್ವಾ?”

“ನೀನೇ ಅಲ್ವಾ ಅದಿಲ್ಲದೆ ಸೈಕಲ್ ಮುಟ್ಟಬೇಡ ಅಂದಿದ್ದು?”

“ರಟ್ಟೆ ನೋವು ಅಂತ ಬಾಯಿಬಿಟ್ಟು ಹೇಳೈತೆ. ಅಷ್ಟೂ ತಿಳೀಲಿಲ್ವೇನ್ರಿ?” ಎಂದವಳು ಸ್ಟೂಲ್ ಎಳೆದು ಅಟ್ಟದಿಂದ ಹಳೆಯ ಪಂಪನ್ನು ಇಳಿಸಿದಳು. ಧೂಳು ಕೊಡವಿ, ಗೋಡೆಗೆ ಒರಗಿಸಿದಳು. “ಇನ್ಮೇಲೆ ಪಂಕ್ಚರ್ ಆದ್ರೆ ನಂಗೇ ಫೋನ್ ಮಾಡ್ರಿ. ಸ್ಕೂಟರ್ ತಗಂಡು ಬಂದು ನಾನು ಹೊಡೀತೀನಿ. ನೀವು ಹಿಡ್ಕಳ್ರಿ.”

ಸೈಕಲ್ಲು ಉಳಿಯಿತು. ಆದರೆ ಎರಡು ಕಡೆ, ಒಂದೇ ದಿನ, ಅದೇ ಮಾತು ಕೇಳಿಸಿಕೊಂಡವನಿಗೆ ಸಂತೋಷದ ಜೊತೆಗೆ ಸ್ವಲ್ಪ ಉರಿಯೂ ಇರುವುದು ಸಹಜ. ಜೀವಮಾನವಿಡೀ ನಾನು ಹೊಡೆಯುವವನು ಎಂದುಕೊಂಡಿದ್ದೆ.

ಈಗ ಸಂಜೆ. ಕೆಂಚವ್ವನ ಮಂದೆ ನಾಳೆ ಬೆಳಿಗ್ಗೆ ಹೊಲ ಬಿಟ್ಟು ಜವನಗೊಂಡನಹಳ್ಳಿಯ ಕಡೆಗೆ ಹೊರಡುತ್ತದೆ ಎಂದು ಅವಳೇ ಹೇಳಿದ್ದಳು. ಅಷ್ಟರೊಳಗೆ ಡಬ್ಬಿ ತುಂಬಬೇಕು. ಮೊದಲ ಸಲವೇ ಅವಳ ಕೈಗೆ ಖಾಲಿ ಡಬ್ಬಿ ಕೊಟ್ಟರೆ ಅದರ ಬಗ್ಗೆ ನಾನು ಹೇಳಿದ್ದೇ ನಿಜ ಎಂದುಕೊಂಡಾಳು. ಮಿಕ್ಸಿಯ ಪ್ಲಗ್ಗಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ಹಸಿರು ದೀಪ ಮಿನುಗುವುದನ್ನು ನೋಡುತ್ತಿದ್ದೇನೆ. ತುಂಬಿದ ಮೇಲೆ ಅದು ಮಿನುಗದೆ ನಿಲ್ಲಬೇಕು, ನಿಲ್ಲುತ್ತಿಲ್ಲ. ಹೊರಗೆ ಗಾಳಿ ಕಿಟಕಿಯ ಬಾಗಿಲನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿದೆ, ಗುಡ್ಡದ ಮೇಲೆ ಅಷ್ಟೂ ರೆಕ್ಕೆಗಳು ತಿರುಗುತ್ತಿವೆ, ಇಲ್ಲಿ ಒಂದು ಡಬ್ಬಿ ತುಂಬಲು ಇಷ್ಟು ಹೊತ್ತು. ಇಡೀ ಊರಿನ ಗಾಳಿಯನ್ನು ಕಟ್ಟಿಕೊಂಡು ಈ ಕರೆಂಟಿನವರು ಮಾಡುತ್ತಿರುವುದಾದರೂ ಏನು?