ಕರ್ತನ ಭೋಜನಕ್ಕೆ ಖಾರದ ರೊಟ್ಟಿ

ತಿಂಗಳ ಮೊದಲ ಭಾನುವಾರ ಮಮದಾಪುರದ ನಮ್ಮ ಸಣ್ಣ ಚರ್ಚಿನಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ಒಂದೊಂದು ತುಂಡು ರೊಟ್ಟಿ ತಿನ್ನುವ ಆರಾಧನೆ. ಅದರ ರೊಟ್ಟಿಯನ್ನು ಸರದಿಯ ಪ್ರಕಾರ ಒಂದೊಂದು ಮನೆಯವರು ಮಾಡಿ ತರಬೇಕು. ರೊಟ್ಟಿ ಎಂದರೂ ಅದು ಗೋಧಿ ಚಪಾತಿಯೇ. ಉಪ್ಪು, ಎಣ್ಣೆ ಏನೂ ಹಾಕದ್ದು. ಇನ್ನೊಂದು ಕಟ್ಟಳೆಯೂ ಇತ್ತು. ಯಾರ ಜೊತೆಗಾದರೂ ಮನಸ್ತಾಪವಿದ್ದರೆ ರಾಜಿಯಾಗಿ ಬರಬೇಕು, ಇಲ್ಲವಾದರೆ ರೊಟ್ಟಿ ಮುಟ್ಟದೆ ತಟ್ಟೆಯನ್ನು ಮುಂದೆ ದಾಟಿಸಬೇಕು. ಇಪ್ಪತ್ತು ಮಂದಿಯ ಚರ್ಚಿನಲ್ಲಿ ತಟ್ಟೆ ದಾಟಿಸುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ.

ಆ ತಿಂಗಳ ಸರದಿ ನಮ್ಮ ಮನೆಯದು. ನನಗೂ ನನ್ನ ಹಿರಿಯ ನೆಗೆಣ್ಣಿಗೂ, ಅಂದರೆ ಗಂಡನ ಅಣ್ಣನ ಹೆಂಡತಿಗೂ, ಹತ್ತು ದಿನಗಳಿಂದ ಮಾತಿರಲಿಲ್ಲ. ಯಮಕನಮರಡಿಯಿಂದ ಬಂದಿದ್ದ ನನ್ನ ತವರಿನವರ ಮುಂದೆ ಅವಳು, “ನಿಮ್ಮ ಮಗಳು ಹಾಸಿಗಿ ಬಿಡೂದ ಎಂಟಕ್ಕರಿ” ಎಂದುಬಿಟ್ಟಿದ್ದಳು. ನಾನು ಹಾಸಿಗೆ ಬಿಡುವುದು ಆರೂವರೆಗೆ. ಚಳಿಗಾಲದಲ್ಲಿ ಸ್ವಲ್ಪ ಹೆಚ್ಚುಕಡಿಮೆ.

ಹಿಂದಿನ ಭಾನುವಾರ ಪಾಸ್ಟರು ಕೆಟ್ಟ ಆಲೋಚನೆ, ಕೆಟ್ಟ ಮಾತು, ಕೆಟ್ಟ ಕೆಲಸಗಳನ್ನು ಹತೋಟಿಯಲ್ಲಿಡಬೇಕೆಂದು ಬೋಧಿಸಿದ್ದರು. ಮೂರನ್ನೂ ಒಟ್ಟಿಗೆ ಹಿಡಿಯುವುದು ನನ್ನಿಂದಾಗದ ಕೆಲಸ. ನಾಲಿಗೆಯಿಂದ ಶುರು ಮಾಡೋಣವೆಂದು, ನೆಗೆಣ್ಣಿಯ ಮುಂದೆ ಬಾಯಿ ಬಿಡುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟೆ. ಜಗಳವೇ ಭಕ್ತಿಯಾದದ್ದು ಬಹಳ ಅನುಕೂಲವಾಯಿತು.

ಭಾನುವಾರ ನಸುಕಿನಲ್ಲಿ ಕರೆಂಟ್ ಇರಲಿಲ್ಲ. ಅಡುಗೆಮನೆಯಲ್ಲಿ ಎರಡು ಪಾತ್ರೆಗಳಲ್ಲಿ ಹಿಟ್ಟು ಕಲಸಿಟ್ಟಿತ್ತು. ಒಂದು ಅವಳು ಚರ್ಚಿಗೆಂದು ಕಲಸಿದ ಸಪ್ಪೆ ಹಿಟ್ಟು. ಇನ್ನೊಂದು ನನ್ನದು, ಮಕ್ಕಳ ಮಸಾಲೆ ಚಪಾತಿಗೆ ಉಪ್ಪು, ಖಾರಪುಡಿ, ಬೆಳ್ಳುಳ್ಳಿ ಹಾಕಿದ್ದು. ನೆಗಡಿಯಿಂದ ಮೂಗು ಕಟ್ಟಿದ್ದ ನೆಗೆಣ್ಣಿ ಕತ್ತಲಲ್ಲಿ ನನ್ನ ಪಾತ್ರೆಗೆ ಕೈ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆದೆ. ದೇವರಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ, ಅದು ನೆನಪಾಗುವ ಮೊದಲೇ ಖುಷಿಯಾಗಿತ್ತು.

ಚರ್ಚಿನಲ್ಲಿ ಮೊದಲ ತುಂಡು ಸಿಕ್ಕಿದ್ದು ಎಲ್ಲರಿಗಿಂತ ಹಿರಿಯನಾದ ತುಕ್ಕಾನಟ್ಟಿಯ ಅಜ್ಜನಿಗೆ. ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡ ಅಜ್ಜ ಕಣ್ಣು ಬಿಟ್ಟು ಕೆಮ್ಮತೊಡಗಿದ. “ಪಾಸ್ಟರ್, ನೀರ್ರಿ!”

ಪಾಸ್ಟರೂ ಒಂದು ತುಣುಕು ತಿಂದು ನೋಡಿ ತಟ್ಟೆಯನ್ನು ಕೆಳಗಿಟ್ಟರು. ಎಲ್ಲರೂ ರೊಟ್ಟಿ ಮಾಡಿ ತಂದಿದ್ದ ನೆಗೆಣ್ಣಿಯ ಕಡೆ ತಿರುಗಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆಯಿಂದ ನಾನು ಕಾಯುತ್ತಿದ್ದದ್ದು ಇದನ್ನೇ. ಆದರೆ ನನಗೆ ಅಳು ಬಂತು. ನಾಚಿಕೆಯಾಯಿತು, ಬಹಳ ನಾಚಿಕೆ. ಎದ್ದು ನಿಂತೆ.

“ಅಕ್ಕಾಂದು ತಪ್ಪಿಲ್ರಿ. ಅಕಿ ನನ್ನ ಖಾರದ ಹಿಟ್ಟ ತಗೊಂಡಿದ್ದು ನಾ ಕಣ್ಣಾರೆ ನೋಡೇನಿ. ನಾಲಿಗಿ ಹಿಡೀತೇನಂತ ದೇವರಿಗೆ ಮಾತು ಕೊಟ್ಟೇನಂತ ನೆವಾ ಮಾಡಿ, ಬೇಕಂತ ಸುಮ್ಮನಿದ್ದೆ.”

ನೆಗೆಣ್ಣಿ ಹತ್ತು ದಿನದ ಮೇಲೆ ನನ್ನ ಜೊತೆ ಮಾತಾಡಿದಳು: “ಎಲ್ಲಾದಕ್ಕೂ ಬಾಯಿ ಹಾಕಾಕಿ, ಇವತ್ತ ಬಾಯಿ ಹೊಲಕೊಂಡಿದ್ದೇನ?”

ಅಜ್ಜ ಕೆಮ್ಮುತ್ತಲೇ ನಕ್ಕ. ಪಾಸ್ಟರು ನಗು ತಡೆದುಕೊಂಡು ಹೇಳಿದರು: “ನಾಲಿಗಿ ಹಿಡೀರಿ ಅಂದಿದ್ದು ಖರೆ, ತಂಗಿ. ಸಿಟ್ಟು ಒಳಗಿಟ್ಟು ಬಾಯಿ ಮುಚ್ಚರಿ ಅಂದಿದ್ದಿಲ್ಲ. ಇಬ್ರೂ ಹೋಗಿ ಮತ್ತ ಮಾಡ್ಕೊಂಡ ಬರ್ರಿ. ಅಲ್ಲೀತನಕ ನಾವು ಹಾಡ್ತಿರ್ತೇವಿ.”

ಮನೆಯಲ್ಲಿ ಹಾಗೇ ಉಳಿದಿದ್ದ ಸಪ್ಪೆ ಹಿಟ್ಟನ್ನು ನಾನು ಲಟ್ಟಿಸಿದೆ, ಅವಳು ಬೇಯಿಸಿದಳು. “ತಪ್ಪಾತಕ್ಕಾ” ಎಂದೆ. ಅವಳು ಮೂಗು ಒರೆಸಿಕೊಂಡು, “ನಾನೂ ನಿನ್ನ ತವರಿನ್ಯಾರ ಮುಂದ ಹಂಗ ಅನಬಾರದಾಗಿತ್ತು” ಎಂದಳು.

ನಾವು ಮರಳಿದಾಗ ಆರನೆಯ ಹಾಡು ನಡೆದಿತ್ತು, ದನಿಗಳು ಸೋತಿದ್ದವು. ಪಾಸ್ಟರು ಎಲ್ಲರೆದುರು ಕೇಳಿದರು: “ರಾಜಿ ಆದ್ರೇನ್ರಿ?”

“ಆಗೇವ್ರಿ” ಎಂದಳು ನೆಗೆಣ್ಣಿ. “ಆದ್ರ ಇಕಿಗಿ ಇನ್ನೂ ದುಂಡಗ ಲಟ್ಟಸಾಕ ಬರೂದಿಲ್ರಿ.”

ನನ್ನ ಬಾಯಲ್ಲಿ ಒಳ್ಳೆಯ ಉತ್ತರವೊಂದು ಸಿದ್ಧವಿತ್ತು. ಅಷ್ಟರಲ್ಲಿ ತಟ್ಟೆ ಬಂತು. ರೊಟ್ಟಿಯ ಜೊತೆ ಆ ಉತ್ತರವನ್ನೂ ನುಂಗಿದೆ.