ಶ್ರಾವಣ ಸೋಮವಾರದ ಸ್ಲೈಡು

1955ರಲ್ಲಿ ನಾನು ಚಾಮರಾಜನಗರದ ವೈದ್ಯರೊಬ್ಬರ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಅಂಗಾಂಶವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಡುವುದು ನನ್ನ ಕೆಲಸ. ಕೈ ಚೆನ್ನಾಗಿತ್ತು, ಅದಕ್ಕಿಂತ ಹೆಚ್ಚಾಗಿ ಜಂಬವಿತ್ತು.

ಶ್ರಾವಣದಲ್ಲಿ ಗುಂಡ್ಲುಪೇಟೆಯ ಡಾಕ್ಟರು ಒಂದು ಸೀಸೆ ಕಳಿಸಿದರು. ಒಳಗೆ ನಂಜಪ್ಪ ಎಂಬವನ ಮೂತ್ರಪಿಂಡದ ತುಂಡು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಕಾಡಿನಲ್ಲಿ ಮರ ಕಡಿಸುತ್ತಿದ್ದವನು ಜ್ವರ ಹಿಡಿದು ಮನೆಗೆ ಬಂದಿದ್ದ. ಎಂಟು ದಿನ ಕಾಫಿ ಡಿಕಾಕ್ಷನ್ನಿನಂಥ ಮೂತ್ರ ಹೋಗಿ ಸತ್ತಿದ್ದ. ಹೆಂಡತಿ ಮಾದೇವಮ್ಮನೇ ಮುದ್ದೆಗೆ ಏನೋ ಬೆರೆಸಿದಳೆಂದು ಅವನ ತಮ್ಮ ದೂರು ಕೊಟ್ಟಿದ್ದ. ಡಾಕ್ಟರಿಗೆ ಮಲೇರಿಯಾದ ತೀವ್ರ ರೂಪವಾದ ಬ್ಲ್ಯಾಕ್‌ವಾಟರ್ ಜ್ವರದ ಅನುಮಾನ.

ಆ ಜ್ವರದಲ್ಲಿ ರಕ್ತ ಒಡೆದು, ಅದರ ಕಬ್ಬಿಣ ಮೂತ್ರಪಿಂಡದ ಕೋಶಗಳಲ್ಲಿ ಕಂದು ಕಣಗಳಾಗಿ ಕೂರುತ್ತದೆ. ಆದರೆ ಕೆಟ್ಟ ಫಾರ್ಮಾಲಿನ್ ಕೂಡ ಕಂದು ಕಣ ಬಿಡುತ್ತದೆ. ಮಾಮೂಲಿ ಬಣ್ಣಗಳು ಎರಡನ್ನೂ ಬೇರ್ಪಡಿಸವು. ಪ್ರಷ್ಯನ್ ಬ್ಲೂ ಎಂಬುದೊಂದು ಮಾತ್ರ ಕಬ್ಬಿಣವಿದ್ದ ಕಡೆ ನೀಲಿಯಾಗುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ.

ಅದರ ಜೊತೆಗೊಂದು ನಿಯಮವಿತ್ತು. ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, ಯಾವಾಗಲೂ ಕಬ್ಬಿಣವಿರುತ್ತದೆ. ಆದ್ದರಿಂದ ಪ್ರತಿ ಸಲವೂ ಮೇಕೆಯ ಗುಲ್ಮವನ್ನು ಇನ್ನೊಂದು ಸ್ಲೈಡಿಗೆ ಒತ್ತಿ ಅದೇ ಬಣ್ಣ ಹಾಕಬೇಕು. ಅದು ನೀಲಿಯಾದರೆ ಬಣ್ಣ ಸರಿಯಿದೆ ಎಂದರ್ಥ. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಗುಲ್ಮ ಕೊಡುತ್ತಿದ್ದವರು ಮಾಂಸದಂಗಡಿಯ ಖಾದರ್ ಸಾಬರು, ಅವರ ಬಾಯಲ್ಲಿ ಅದು ತಿಲ್ಲಿ.

ಅವತ್ತು ಶ್ರಾವಣ ಸೋಮವಾರ. ನಾವು ಲಿಂಗಧಾರಿಗಳು. "ಇವತ್ತೊಂದಿನ ಆ ಅಂಗ್ಡಿ ಕಡೆ ತಲೆ ಹಾಕ್ಬ್ಯಾಡ ಕಣಪ್ಪ" ಎಂದು ಅವ್ವ ಬಾಗಿಲಲ್ಲೇ ಕೈ ಹಿಡಿದಿದ್ದಳು. ನಾನು ಹೋಗಲಿಲ್ಲ. ಹೋದ ತಿಂಗಳ ಬಣ್ಣವನ್ನೇ ಹಾಕಿದೆ. ಕಣಗಳು ಕಂದಾಗಿಯೇ ಉಳಿದವು.

"ಕಂಟ್ರೋಲ್ ನೋಡಿದೆಯೇನಯ್ಯ?" ಎಂದು ನಮ್ಮ ಡಾಕ್ಟರು ಕೇಳಿದರು.

"ಹೂಂ ಸಾರ್" ಎಂದುಬಿಟ್ಟೆ.

ಅವರು ಸಹಿ ಹಾಕಿದರು: ಕಬ್ಬಿಣವಿಲ್ಲ, ಬ್ಲ್ಯಾಕ್‌ವಾಟರ್ ಜ್ವರಕ್ಕೆ ಆಧಾರವಿಲ್ಲ. ಕಾಗದ ಸಂಜೆಯ ಬಸ್ಸಿಗೆ ಹೋಯಿತು. ಮಂಗಳವಾರ ಮಾದೇವಮ್ಮನನ್ನು ಠಾಣೆಗೆ ಕರೆದೊಯ್ದರು.

ಬುಧವಾರ ಬೆಳಿಗ್ಗೆ ಖಾದರ್ ಸಾಬರೇ ಎದುರಾದರು. "ಏನ್ ಸಾಮಿ, ಸೋಮವಾರ ಬರ್ಲೇ ಇಲ್ಲ? ನಿಮ್ ತಿಲ್ಲಿ ಎತ್ತಿಟ್ಟಿದ್ದೆ. ಪರೀಕ್ಷೆ ಇರ್ಲಿಲ್ವಾ?"

ಅಲ್ಲೇ ಹೊಸ ಗುಲ್ಮ ಇಸಿದುಕೊಂಡು ಓಡಿದೆ. ಹಳೆಯ ಬಣ್ಣ ಹಾಕಿ ಅರ್ಧ ಗಂಟೆ ಕಾದೆ. ನೀಲಿಯಿಲ್ಲ. ಅಯ್ಯೋ ಶಿವನೇ, ಕಬ್ಬಿಣ ತುಂಬಿದ ಗುಲ್ಮವೇ ನೀಲಿಯಾಗಲಿಲ್ಲ! ದ್ರಾವಣ ಬೆಳಕಿಗೆ ಕೆಟ್ಟುಹೋಗಿತ್ತು. ಹೊಸದು ಬೆರೆಸಿದೆ. ಗುಲ್ಮ ನೀಲಿಯಾಯಿತು. ನಂಜಪ್ಪನ ಒಂದೊಂದು ಕಣವೂ ನೀಲಿಯಾಯಿತು.

ಡಾಕ್ಟರಿಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ, ಹೊಸ ಕಾಗದ ಬರೆದು, "ನೀನೇ ತಗೊಂಡು ಹೋಗು. ಅವಳ ಮುಖ ನೋಡಿ ಹೇಳು" ಎಂದರು. ಬಯ್ದಿದ್ದರೆ ಬದುಕುತ್ತಿದ್ದೆ.

ಗುಂಡ್ಲುಪೇಟೆಯಲ್ಲಿ ಸಂಜೆ ಅವಳನ್ನು ಬಿಟ್ಟರು. ಅಷ್ಟರಲ್ಲಿ ಮೈದುನ ಇಬ್ಬರು ಮಕ್ಕಳನ್ನೂ ಉಡಿಗಾಲದ ನೆಂಟರ ಮನೆಗೆ ಸಾಗಿಸಿದ್ದ. ಠಾಣೆಯ ಜಗಲಿಯಲ್ಲಿ ನಿಂತು ನಾನು ತಪ್ಪೊಪ್ಪಿಕೊಂಡೆ. ಮಾದೇವಮ್ಮ ಅಳಲಿಲ್ಲ.

"ನಿಮ್ ಗಾಜ್ನಾಗೆ ಬಣ್ಣ ಬದ್ಲಾಯ್ತು ಬುದ್ಧಿ. ಊರೋರ ಬಾಯಿ ಬದ್ಲಾಯ್ತದಾ?"

ರಾತ್ರಿಯ ಬಸ್ಸಿಗೆ ವಾಪಸಾದೆ.

ಮುಂದೆ ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದೆ. ಶ್ರಾವಣವಿರಲಿ, ಶಿವರಾತ್ರಿಯಿರಲಿ, ಗುಲ್ಮವಿಲ್ಲದೆ ಆ ಬಣ್ಣದ ಸೀಸೆ ತೆರೆಯಲಿಲ್ಲ. ಕಬ್ಬಿಣವನ್ನಷ್ಟೇ ಗುರುತಿಸುವ ಬಣ್ಣವೆಂದು ಅದನ್ನು ಹೊಗಳುತ್ತಾರೆ, ನಿಜ. ಆದರೆ ಸತ್ತ ಬಣ್ಣ ಯಾವುದನ್ನೂ ಗುರುತಿಸದು, ತಾನು ಸತ್ತಿದ್ದೇನೆಂದೂ ಹೇಳದು. ಅದನ್ನು ನಾವೇ ಕೇಳಬೇಕು. ಹೊಸ ಹುಡುಗರಿಗೆ ನಾನು ಮೊದಲು ಕಲಿಸಿದ್ದು ಇದನ್ನೇ.

ಮಾದೇವಮ್ಮನನ್ನು ಬಿಟ್ಟ ಮರುವರ್ಷ ಗುಂಡ್ಲುಪೇಟೆಯ ಡಾಕ್ಟರು ಸಿಕ್ಕಿದ್ದರು. ಮಕ್ಕಳು ತಾಯಿಯ ಬಳಿಗೆ ವಾಪಸು ಬಂದಿದ್ದಾರೆ ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ ಮೆಲ್ಲಗೆ ಸೇರಿಸಿದರು: ಚಿಕ್ಕವನು ಇನ್ನೂ ಅವಳು ತೊಳಸಿದ ಮುದ್ದೆಯನ್ನು, ಅವಳು ಮೊದಲು ಒಂದು ತುತ್ತು ತಿಂದು ತೋರಿಸಿದರಷ್ಟೇ ಮುಟ್ಟುತ್ತಾನಂತೆ.